ಝಂಝಾರಿಯ ಹಲ್ಲಿ

೧೧ ಜೂನ್ ೧೯೮೬

ಹಲ್ಲಿ ಅಣ್ಣಾ,

ಹೆಣ್ಣು ಹುಟ್ಟಿದೆ. ಕೂದಲು ಪೊದೆ, ಗಂಟಲು ಕಾರ್ಖಾನೆಯ ಸೈರನ್. ಹೊಲಿಗೆ ಬಿಚ್ಚಿದ್ದಾರೆ, ಎದ್ದು ಕೂತು ಬರೆಯುತ್ತಿದ್ದೇನೆ. ಈಗ ಹೆಸರಿನ ವಿಷಯ. ನೀನು ಯಾವುದಾದರೂ ಅರ್ಧ ಕೆಡವಿದ ಗೋಡೆಯ ಮೇಲೆ ನಿಂತು ಓದುತ್ತಿದ್ದರೆ ಮೊದಲು ಕೆಳಗಿಳಿ ಮಾರಾಯ.

ಝಂಝಾರಿ ಅಂತ ಇಟ್ಟೆ.

ಹೌದು, ಅದೇ ಝಂಝಾರಿ. ಮೆಟ್ಟಿಲ ಕೆಳಗಿನ ಉರಿಮಂಡಲದ ರಾಣಿ. ತಗಡಿನ ಕಿರೀಟ, ಪೊರಕೆ ಹಿಡಿಯ ಈಟಿ, ರೆಕ್ಕೆಯ ಹಲ್ಲಿಯ ಮೇಲೆ ಸವಾರಿ. ರಾಣಿ ನಾನು, ಹಲ್ಲಿ ನೀನು, ಬೆಟ್ಟದ ರಕ್ಕಸ ಯಾರು ಅಂತ ಬರೆಯಬೇಕಾಗಿಲ್ಲ. ಮೇಲೆ ಅಪ್ಪ ಬೆಲ್ಟು ಎಳೆದ ಸದ್ದು ಕೇಳಿದರೆ ಸಾಕು, ನೀನು ನನ್ನ ಕಿವಿ ಮುಚ್ಚಿ ಕಥೆ ಶುರು ಮಾಡುತ್ತಿದ್ದೆ. ಅಮ್ಮ ಅತ್ತದ್ದು ನನಗೆ ಕೇಳಿಸದಿರಲಿ ಅಂತ ಆ ಇಡೀ ರಾಜ್ಯವನ್ನೇ ಕಟ್ಟಿದೆ. ನೀನು ‘ಲೊಚ್’ ಅಂದರೆ ಕಥೆಯ ಆ ಭಾಗ ನಿಜ, ಅನ್ನದಿದ್ದರೆ ಬರೀ ಬುರುಡೆ ಅಂತ ನಮ್ಮ ಕಾನೂನು. ನೆನಪಿದೆ ತಾನೇ?

ಜನನ ನೋಂದಣಿಯ ಗುಮಾಸ್ತ ಕನ್ನಡಕ ತೆಗೆದು, “ಏನಮ್ಮಾ, ಇದು ಮಗು ಹೆಸರೋ ಕೆಮ್ಮಿನ ಔಷಧಿ ಹೆಸರೋ?” ಅಂದ. “ನಿಮ್ಮ ಕೆಮ್ಮು ನಿಂತರೆ ಔಷಧಿ ಅಂತಲೇ ತಿಳ್ಕೊಳ್ಳಿ, ಮೊದಲು ಬರೀರಿ” ಅಂದೆ. ಅತ್ತೆ ಎದೆ ಬಡಿದುಕೊಂಡರು. “ಅಟ್ಟದಿಂದ ಪಾತ್ರೆ ಬಿದ್ದ ಹಾಗಿದೆ ಕಣೇ! ಮೂಗಿಗಿಂತ ಮೂಗುತಿ ಭಾರ. ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?” ಹುಟ್ಟಿ ವಾರವಾಗದ ಕೂಸಿಗೆ!

ನಮ್ಮನೆಯವರು ಮಾತ್ರ ಸುಮ್ಮನೆ ಕೇಳಿಸಿಕೊಂಡರು. ಬೀಗ ರಿಪೇರಿ ಮಾಡುವವರಲ್ಲವೇ, ಬಾಯಿಗೂ ಒಂದು ಹಾಕಿಕೊಂಡಿರುತ್ತಾರೆ. ಆಮೇಲೆ, “ಅಪ್ಪನ್ನ ಕೊಂದೋನು ಕಟ್ಟಿದ ಆಟದ ಹೆಸರು ನನ್ನ ಮಗಳಿಗಾ?” ಅಂದರು. ಕೈಯಲ್ಲಿದ್ದ ಲೋಟ ಗೋಡೆಗೆ ಹೋಯಿತು. ಅವರ ಗುರಿ ಅಷ್ಟು ಚೆನ್ನಾಗಿಲ್ಲ, ಹೆದರಬೇಡ.

ಪತ್ರ ಮನೆಗೆ ಬೇಡ. ಮೊದಲಿನ ಹಾಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೇ ಹಾಕು. ರಜೆ ಮುಗಿದ ಮೇಲೆ ಮತ್ತೆ ಅದೇ ಇಸ್ತ್ರಿ, ಅದೇ ಹೊಗೆ.

ನಿನ್ನ ರಾಣಿ (ಪದವಿ ಮಗಳಿಗೆ ಬಿಟ್ಟುಕೊಟ್ಟವಳು)


೨ ಜುಲೈ ೧೯೮೬

ರಾಣಿ,

ಮಗುವಿನ ಸುದ್ದಿ ಓದಿ ಕೆಲಸದವರಿಗೆಲ್ಲ ಟೀ ಕುಡಿಸಿದೆ. ಹೆಸರು ಏನು ಅಂತ ಕೇಳಿದರು. ಹೇಳಲಿಲ್ಲ.

ಹೆಸರು ಬದಲಾಯಿಸು. ಇನ್ನೂ ಹಸುಗೂಸು, ಯಾರ ಬಾಯಿಗೂ ಅಂಟಿಲ್ಲ. ಹೂವಿನದೋ ನದಿಯದೋ ಯಾವುದಾದರೂ ಇಡು, ನಿಮ್ಮ ಅತ್ತೆ ಹೇಳಿದ್ದನ್ನೇ ಇಡು. ಯಾಕೆ ಅಂತ ಕೇಳಬೇಡ. ಇಷ್ಟು ವರ್ಷದಲ್ಲಿ ನಾನು ನಿನ್ನನ್ನು ಬೇಡಿದ್ದು ಇದೊಂದೇ.

ಇಲ್ಲಿ ಹಳೆಯ ಸಿನಿಮಾ ಮಂದಿರ ಒಂದನ್ನು ಕೆಡವುತ್ತಿದ್ದೇವೆ. ಮೇಲಿನಿಂದ ಶುರು ಮಾಡಿ ಕೆಳಗೆ ಬರುತ್ತೇವೆ. ಮೆಟ್ಟಿಲಿಗೆ ಮಾತ್ರ ಕೊನೆಗೆ ಕೈ ಹಾಕುವುದು, ನಾವು ಇಳಿಯಬೇಕಲ್ಲ. ಮೊನ್ನೆ ಒಬ್ಬನ ಕಾಲ ಮೇಲೆ ಸ್ಲ್ಯಾಬ್ ಕುಸಿಯಿತು. ಮಂಡಿಯ ಕೆಳಗೆ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಅವನನ್ನು ಎತ್ತಲು ಹೋದ ನಾನೇ ವಾಂತಿ ಮಾಡಿಕೊಂಡು ಬಿದ್ದೆ. ಮೇಸ್ತ್ರಿ ಬಿದ್ದು ಬಿದ್ದು ನಕ್ಕ. “ಥೂ ನಿನ್ನ! ನೀನೇನಯ್ಯಾ ಅಪ್ಪನ್ನ ಕೊಂದು ಒಳಗಿದ್ದು ಬಂದೋನು?” ನಾನೂ ನಕ್ಕೆ.

ಹೆಸರಿನ ವಿಷಯ ಮರೆಯಬೇಡ.

ಅಣ್ಣ


೨೦ ಜುಲೈ ೧೯೮೬

ಅಣ್ಣಾ,

ನೀನೂ ಆ ಪಾರ್ಟಿಗೆ ಸೇರಿದೆಯಾ? ಬೀದಿಯವರು ನಕ್ಕರು, ಇರಲಿ. ಅತ್ತೆ ಶಾಪ ಹಾಕಿದರು, ಅವರಿಗೆ ಅದೇ ಉದ್ಯೋಗ. ನೀನು ಬಾಯಿ ಬಿಟ್ಟು “ಬದಲಾಯಿಸು” ಅಂದದ್ದು ಹೊಟ್ಟೆಗೆ ಒದ್ದ ಹಾಗಾಯಿತು.

ಯಾಕೆ ಅಂತ ನಾನು ಕೇಳುವುದಿಲ್ಲ. ನನಗೆ ಗೊತ್ತು. ಆ ಹೆಸರು ಕೇಳಿದರೆ ನಿನಗೆ ಆ ದಿನ ನೆನಪಾಗುತ್ತದೆ. ನನಗೆ ಏನೂ ನೆನಪಿಲ್ಲ ಅಣ್ಣಾ. ಜ್ವರ ಬಂದದ್ದು, ಹಣೆಯ ಮೇಲೆ ಒದ್ದೆ ಬಟ್ಟೆ, ಪೊಲೀಸಿನವನ ಕೈ ನಿನ್ನ ಕುತ್ತಿಗೆಯ ಮೇಲೆ, ಅಷ್ಟೇ. ನೆತ್ತಿಯಲ್ಲಿ ಆಗಿನ ಒಂದು ಗಾಯದ ಗುರುತಿದೆ, ಎಲ್ಲಿ ಬಡಿದುಕೊಂಡೆನೋ. ಉಳಿದದ್ದೆಲ್ಲ ಅಮ್ಮ ಹೇಳಿದ್ದು. ನೀನು ಅಪ್ಪನನ್ನು ಮೆಟ್ಟಿಲಿಂದ ತಳ್ಳದಿದ್ದರೆ ಅವತ್ತು ಅವಳ ಹೆಣ ಬೀಳುತ್ತಿತ್ತಂತೆ. ನಿನಗೆ ಹದಿಮೂರು, ನನಗೆ ಆರು. ಮೀಸೆ ಬರುವ ತನಕ ಬಾಲಮಂದಿರದ ಗೋಡೆ ನೋಡಿದೆ.

ಊರಿಗೆಲ್ಲ ನೀನು ಕೊಲೆಗಾರ. ನನಗೆ ನೀನು ಹಲ್ಲಿ. ನಿನ್ನ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ದಿನಾ ಕೂಗಬೇಕು ಅಂತಲೇ ಈ ಹೆಸರಿಟ್ಟೆ. ಬದಲಾಯಿಸುವುದಿಲ್ಲ. ಬೇಕಿದ್ದರೆ ಮಾತು ಬಿಡು.

ನಿನ್ನ ತಂಗಿ


೩ ಆಗಸ್ಟ್ ೧೯೮೬

ರಾಣಿ,

ಸರಿ. ಮಾತು ಬಿಡುವುದಿಲ್ಲ.

ಅಣ್ಣ


೯ ನವೆಂಬರ್ ೧೯೯೩

ಹಲ್ಲಿ ಅಣ್ಣಾ,

ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ಬೈಯಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಕೆಲಸದಲ್ಲಿ ಇಸ್ತ್ರಿ ಯಂತ್ರಕ್ಕೆ ಸಿಕ್ಕಿತು. ಗೊಂಬೆಗೆ ಕಟ್ಟಿದ ಹಾಗೆ ಪಟ್ಟಿ ಕಟ್ಟಿದ್ದಾರೆ.

ಇನ್ನು ನಿನ್ನ ಸೊಸೆಯ ಪ್ರತಾಪ ಕೇಳು. ಹೊಸ ಟೀಚರು ಹಾಜರಿ ಕೂಗುವಾಗ ಇವಳ ಹೆಸರಿಗೆ ಬಂದು ನಿಂತರಂತೆ. “ಮನೇಲಿ ಏನಂತ ಕರೀತಾರೆ ಪುಟ್ಟಾ?” “ಝಂಝಾರಿ.” “ಅಲ್ಲಮ್ಮಾ, ನಿಜವಾದ ಹೆಸರು?” “ಝಂಝಾರಿ!” ಕ್ಲಾಸಿಗೆ ಕ್ಲಾಸೇ ಊಟದ ಡಬ್ಬಿ ಬಡಿದು ಝಂಯ್ ಝಂಯ್ ಅಂದಿತು. ಇವಳು ತನ್ನ ಡಬ್ಬಿ ಎತ್ತಿಕೊಂಡು ಹೋಗಿ, ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದ ಹುಡುಗನ ಬಾಯಿಗೇ ಬಾರಿಸಿದಳು. ಎರಡು ಹಲ್ಲು ನೆಲಕ್ಕೆ. ಅಂಗಿಯ ತುಂಬ ರಕ್ತ. ಅವನ ತಾಯಿ ನಮ್ಮ ಬಾಗಿಲಿಗೆ ಬಂದು ಬೀದಿ ಸೇರಿಸಿದಳು: “ರಾಕ್ಷಸಿ ಹೆಸರಿಟ್ಟು ರಾಕ್ಷಸಿ ಸಾಕಿದ್ದೀಯಾ!” ತಪ್ಪಾಯಿತು ಅಂತ ಕೈ ಮುಗಿದೆ. ಒಳಗೊಳಗೇ ಮಗಳ ಬೆನ್ನು ತಟ್ಟಿದೆ. ದೇವರು ಮೆಚ್ಚಲ್ಲ, ಏನು ಮಾಡಲಿ?

ನಮ್ಮನೆಯವರು ಅವಳಿಗೆ ಬುದ್ಧಿ ಹೇಳಿದರು. ಸ್ವಲ್ಪ ದಿನ ಸ್ಕೂಲಿಗೆ ಕಳಿಸಲಿಲ್ಲ. ಅತ್ತೆ ಇಟ್ಟ ಹೆಸರೊಂದಿದೆ, ಮನೆಯಲ್ಲಿ ಅದನ್ನೇ ಕರೆಯಬೇಕು ಅಂತ ಅಪ್ಪಣೆಯಾಗಿದೆ. ಹಾಗೆ ಕರೆದರೆ ಇವಳು ತಿರುಗಿಯೂ ನೋಡುವುದಿಲ್ಲ. ಅವರಿಗೆ ಅದನ್ನು ತಡೆದುಕೊಳ್ಳಲಾಗುವುದಿಲ್ಲ. ಇಬ್ಬರದೂ ಹಠ, ನಡುವೆ ನಾನು.

ಕೆಳಗೆ ಅವಳೇ ಬರೆದಿದ್ದಾಳೆ, ತಿದ್ದಿಲ್ಲ.

‘ಮಾಮ, ಅಮ್ಮ ಕಥೆ ಹೇಳ್ತಾಳೆ ಆದ್ರೆ ಕೊನೆ ಗೊತ್ತಿಲ್ಲ ಅಂತಾಳೆ. ಬೆಟ್ಟದ ರಕ್ಕಸ ಹೇಗೆ ಸತ್ತ? ಬೇಗ ಬರಿ. ಅರ್ಜೆಂಟ್. ಝಂಝಾರಿ.’


೨೫ ನವೆಂಬರ್ ೧೯೯೩

ಝಂಝಾರಿಗೆ ಮಾಮ ಬರೆಯುವುದು.

ಕೊನೆ ಇದು. ರಕ್ಕಸ ಬೆಟ್ಟದ ತುದಿಯಲ್ಲಿ, ಕಲ್ಲಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ. ರಾಣಿ ಮಲಗಿದ್ದಳು. ಅವಳಿಗೆ ಜ್ವರ ಬಂದಿತ್ತು, ಅವಳು ಏನೂ ಮಾಡಲಿಲ್ಲ. ಹಲ್ಲಿಯೇ ಹಾರಿ ಬಂದು ತಲೆಯಿಂದ ತಳ್ಳಿತು. ರಕ್ಕಸ ಉರುಳಿ ಉರುಳಿ ಸತ್ತ. ರಾಣಿ ಎದ್ದಾಗ ಎಲ್ಲ ಮುಗಿದಿತ್ತು. ಈಗ ಪಾಠ ಓದಿಕೋ. ಯಾರ ಹಲ್ಲೂ ಉದುರಿಸಬೇಡ.

ರಾಣಿ, ಇದು ನಿನಗೆ. ನಮ್ಮಲ್ಲಿ ದಿನಾ ಯಾರಾದರೊಬ್ಬರು ಯಂತ್ರಕ್ಕೆ ಕೈ ಕೊಡುತ್ತಾರೆ. ಯಂತ್ರಕ್ಕೆ ಸಿಕ್ಕಿದ ಕೈ ಸುಡುತ್ತದೆ, ಇಲ್ಲವೇ ಜಜ್ಜುತ್ತದೆ. ನೀನು ಸುಟ್ಟಿತು ಅಂತಲೂ ಬರೆದಿಲ್ಲ, ಜಜ್ಜಿತು ಅಂತಲೂ ಬರೆದಿಲ್ಲ. ನಿನ್ನ ಕೈ ಯಾರು ಮುರಿದರು? ನಾನು ಬರಲಾ?

ಅಣ್ಣ


೧೨ ಡಿಸೆಂಬರ್ ೧೯೯೩

ಅಣ್ಣಾ,

ಬರಬೇಡ. ನನ್ನ ಮೇಲೆ ಆಣೆ.

ಕೈ ಸುಟ್ಟಿತು, ಆಯಿತಾ? ಎಲ್ಲರ ಮನೆಯ ದೋಸೆಯೂ ತೂತೇ. ಇಲ್ಲಿ ಒಂದು ಮಾತು ಬರುತ್ತದೆ, ಒಂದು ಮಾತು ಹೋಗುತ್ತದೆ. ಹೆಚ್ಚು ಕಡಿಮೆ ಎಲ್ಲ ಕಡೆ ಇರುವುದೇ. ಕಳ್ಳರ ಕಾಟ ಅಂತ ಮಲಗುವ ಕೋಣೆಗೆ ಹೊಸ ಚಿಲಕ ಹಾಕಿದ್ದಾರೆ, ಹೊರಗಿನಿಂದ. ಕಳ್ಳರು ಒಳಗಿನವರು ಅಂದುಕೊಂಡಿರಬೇಕು. ನಗು ಸ್ವಲ್ಪ.

ನೀನು ಬಂದರೆ ಏನಾಗುತ್ತದೆ ಅಂತ ನನಗೆ ಗೊತ್ತು, ಅದಕ್ಕೇ ಬೇಡ ಅನ್ನುತ್ತಿರುವುದು. ನಿನಗೆ ಒಂದು ಸಲ ತಲೆಗೆ ರಕ್ತ ಏರಿತು, ಒಂದು ಹೆಣ ಬಿತ್ತು. ಆಗ ಹುಡುಗ ಅಂತ ಬಿಟ್ಟರು. ಈಗ ಬಿಡುವುದಿಲ್ಲ, ನೇಣಿಗೆ ಹಾಕುತ್ತಾರೆ. ಗಂಡನ ಹೆಣ, ಅಣ್ಣನ ಹೆಣ, ಎರಡನ್ನೂ ಹೊರಲು ನನಗೆ ತಾಕತ್ತಿಲ್ಲ.

ಮಗಳು ನಿನ್ನ ಕಥೆ ಓದಿ ಮುಖ ಸೊಟ್ಟ ಮಾಡಿದಳು. “ಮಾಮ ಎಲ್ಲೂ ಲೊಚ್ ಅಂತ ಬರೆದಿಲ್ಲ. ಇದು ಬುರುಡೆ” ಅಂದಳು. ಆಮೇಲೆ ಏನೋ ಯೋಚಿಸಿ, “ನಮ್ಮನೇಲಿ ಹಲ್ಲಿನೂ ಇಲ್ವಲ್ಲಮ್ಮಾ” ಅಂದಳು. ಗೋಡೆ ತೋರಿಸಿ “ಅಗೋ ಎರಡಿವೆ” ಅಂದೆ. ನಗಲಿಲ್ಲ ಕತ್ತೆ.

ತಂಗಿ


೩೦ ಡಿಸೆಂಬರ್ ೧೯೯೩

ರಾಣಿ,

ಆಣೆ ಹಾಕಿ ಕೈ ಕಟ್ಟಿದೆ.

ನಾನು ಜೀವಮಾನದಲ್ಲಿ ಒಬ್ಬರ ಮೇಲೂ ಕೈ ಎತ್ತಿಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ಬಾಲಮಂದಿರದಲ್ಲಿ ದೊಡ್ಡ ಹುಡುಗರು ನನ್ನ ಪಕ್ಕೆಲುಬು ಮುರಿದಾಗಲೂ ಎತ್ತಲಿಲ್ಲ. ನಿನಗೆ ಒಂದು ಮಾತು ಹೇಳಬೇಕಿತ್ತು. ಪತ್ರದಲ್ಲಿ ಹೇಳುವಂಥದ್ದಲ್ಲ. ಎದುರಿಗೆ ಕೂತರೂ ಹೇಳುತ್ತೇನೋ ಇಲ್ಲವೋ. ಅಮ್ಮನೂ ಹೇಳದೆಯೇ ಹೋದಳು.

‘ಬಾ’ ಅಂತ ಒಂದೇ ಅಕ್ಷರ ಬರೆ. ಎಡಗೈಯಲ್ಲೇ ಬರೆ, ಸಾಕು. ಹೊರಟು ಬರುತ್ತೇನೆ.

ಅಣ್ಣ


೧೭ ಏಪ್ರಿಲ್ ೧೯೯೪

ರಾಣಿ,

ಉತ್ತರವಿಲ್ಲ. ಆಮೇಲೆ ಇನ್ನೆರಡು ಪತ್ರ ಹಾಕಿದೆ. ಬಟ್ಟೆ ಒಗೆಯುವ ವಿಭಾಗದವರು ವಾಪಸು ಕಳಿಸಿದ್ದಾರೆ, ನೀನು ಕೆಲಸ ಬಿಟ್ಟೆ ಅಂತ. ಯಾರು ಬಿಡಿಸಿದರು? ಇದನ್ನು ನಿನ್ನ ಜೊತೆ ಇಸ್ತ್ರಿ ಮಾಡುತ್ತಿದ್ದ ದಪ್ಪಕ್ಕನ ಕೈಗೆ ಕಳಿಸುತ್ತಿದ್ದೇನೆ.

ಅಣ್ಣ


೨೮ ಏಪ್ರಿಲ್ ೧೯೯೪

ಅಣ್ಣಾ,

ನಾನೇ ಬಿಟ್ಟೆ. ಮನೆಯಲ್ಲಿ ಕೆಲಸ ಜಾಸ್ತಿ. ಚೆನ್ನಾಗಿದ್ದೇವೆ. ಪತ್ರ ಹಾಕಬೇಡ, ದಪ್ಪಕ್ಕನಿಗೆ ತೊಂದರೆ.

ತಂಗಿ


೬ ಸೆಪ್ಟೆಂಬರ್ ೧೯೯೫

ಅಣ್ಣಾ,

ಹೆಂಗಸರ ಲಾಕಪ್ಪಿನಿಂದ ಬರೆಯುತ್ತಿದ್ದೇನೆ. ಕಾಗದ ಇಲ್ಲಿನ ಕಾವಲಿನವಳು ಕೊಟ್ಟಳು. ಅವನು ಸತ್ತ. ಇನ್ನು ಅವನನ್ನು ನಮ್ಮನೆಯವರು ಅಂತ ಬರೆಯುವುದಿಲ್ಲ, ಆ ಮನೆ ಯಾವತ್ತೂ ನಮ್ಮದಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ. ಊಟ ಮುಗಿದಿತ್ತು. ಅವನು ಮಗಳನ್ನು ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿದ. ಕೆಳಗೆ ಅವನ ಬೀಗದ ಅಂಗಡಿ, ಗೊತ್ತಲ್ಲ. “ನಿನ್ನ ಹೆಸರೇನೇ?” ಅಂದ. ಇದು ದಿನದ ಆಟ ಅಣ್ಣಾ. ವರ್ಷಗಳಿಂದ ನಡೆದಿತ್ತು, ನಾನು ನಿನಗೆ ಬರೆಯಲಿಲ್ಲ. ಅವಳು ತನ್ನ ಹೆಸರು ಹೇಳಬೇಕು, ಅವನು ಹೊಡೆಯಬೇಕು. ಅತ್ತೆಯ ಹೆಸರು ಹೇಳಿದರೆ ಬಿಡುತ್ತಿದ್ದ. ಅವಳು ಒಂದು ದಿನವೂ ಹೇಳಲಿಲ್ಲ. “ಹೇಳಿಬಿಡೇ, ನಿನ್ನ ಕಾಲಿಗೆ ಬೀಳ್ತೀನಿ” ಅಂತ ನಾನೇ ಬೇಡಿದ್ದೇನೆ. “ನೀನಿಟ್ಟಿದ್ದಲ್ವಾ?” ಅನ್ನುತ್ತಿದ್ದಳು.

ಅವತ್ತು ಕೀಲಿ ಪೋಣಿಸುವ ಸರಪಳಿ ಎತ್ತಿಕೊಂಡ. ಮೊದಲ ಏಟಿಗೇ ಅವಳ ಕಿವಿ ಹರಿಯಿತು. ನಾನು ಸರಪಳಿ ಹಿಡಿದುಕೊಂಡೆ. ಅವನು ನನ್ನ ಬಲಗೈ ತಿರುಚಿ ಮೆಟ್ಟಿಲ ತುದಿಯ ಬಾಗಿಲ ಸಂದಿಗೆ ತುರುಕಿದ. ಹಿಂದೆ ಅದನ್ನು ಮುರಿದದ್ದೂ ಅಲ್ಲೇ, ಹಾಗೆಯೇ. ಬಾಗಿಲಿಗೆ ಭುಜ ಕೊಟ್ಟು ಒತ್ತಿದ. ಮೂಳೆ ಮುರಿದದ್ದು ನನಗೇ ಕೇಳಿಸಿತು. ನಾನು ಹೇಗೆ ಕಿರುಚಿದೆನೋ ಗೊತ್ತಿಲ್ಲ.

ಆಗ ನನ್ನ ಹಿಂದಿನಿಂದ “ಝಂಝಾರೀ!” ಅಂತ ಕೂಗು. ಮಗಳು ತಲೆ ತಗ್ಗಿಸಿಕೊಂಡು ಓಡಿ ಬಂದಳು. ಅವನ ಸೊಂಟಕ್ಕೆ ಗುಮ್ಮಿದಳು. ಅವನು ಹಿಂದಕ್ಕೆ ವಾಲಿ ಮೆಟ್ಟಿಲಿಂದ ಉರುಳಿದ. ಕೆಳಗೆ ಕೀಲಿ ಬಿಗಿದು ಉಜ್ಜುವ ಅವನದೇ ಕಬ್ಬಿಣದ ವೈಸಿಗೆ ತಲೆ ಬಡಿಯಿತು. ಆ ಸದ್ದು.

ಅಣ್ಣಾ, ಆ ಸದ್ದು ನನಗೆ ಗೊತ್ತಿತ್ತು.

ಬಾಗಿಲ ಸಂದಿಯಲ್ಲಿ ಕೈ ಸಿಕ್ಕಿಕೊಂಡು ನಿಂತಿದ್ದ ಹಾಗೆಯೇ ಎಲ್ಲ ಬಂತು. ನೆತ್ತಿಗೆ ಬೆಲ್ಟಿನ ಬಕಲ್ಲು ಬಡಿದದ್ದು. ಅಪ್ಪನ ಅಂಗಿಯ ಬೆವರಿನ ವಾಸನೆ. ನನ್ನ ಕೈಯಲ್ಲಿ ಪೊರಕೆ. ನೀನು ಕೆಳಗೆ, ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ನೀನು ಮೇಲೆ ಬಂದೇ ಇರಲಿಲ್ಲ. ಅಪ್ಪ ನಿನ್ನ ಕಾಲ ಬಳಿ ಬಂದು ಬಿದ್ದ. ನೀನು ಅವನನ್ನು ದಾಟಿಕೊಂಡು ಓಡಿ ಬಂದು ನನ್ನನ್ನು ಎತ್ತಿಕೊಂಡು, “ನಿಂಗೆ ಜ್ವರ, ಕನಸು ಬಿದ್ದಿದೆ, ಮಲಕ್ಕೋ” ಅಂದೆ.

ಅದು ನಾನು. ನೀನಲ್ಲ. ನನ್ನ ಬದಲು ನೀನು ಹೋದೆ. ಆ ಗೋಡೆಗಳ ಒಳಗೆ ಪಕ್ಕೆಲುಬು ಮುರಿಸಿಕೊಂಡೆ, ನಾನು ನಿನಗೆ “ಕ್ಷಮಿಸಿದ್ದೇನೆ” ಅನ್ನುವ ಗತ್ತಿನಲ್ಲಿ ಪತ್ರ ಬರೆದೆ! ನೀನು ಕೊಂದವನು ಅಂತ ಹೆದರಿಯೇ ನಿನ್ನನ್ನು ಬಾ ಅನ್ನಲಿಲ್ಲ. ಬಂದಿದ್ದರೆ ಮಗುವನ್ನಾದರೂ ಎತ್ತಿಕೊಂಡು ಹೋಗುತ್ತಿದ್ದೆ. ನನ್ನ ಬಾಯಿಗೆ ಮಣ್ಣು ಹಾಕ.

ಪೊಲೀಸರಿಗೆ ನಾನೇ ತಳ್ಳಿದೆ ಅಂತ ಹೇಳಿದ್ದೇನೆ. ಅತ್ತೆ “ಆ ಹೆಸರೇ ನನ್ನ ಮಗನ್ನ ತಿಂತು” ಅಂತ ಠಾಣೆಯ ಮುಂದೆ ಹೊರಳಾಡಿದರು. ಬರೆದುಕೊಳ್ಳುವವನು ಮಗಳ ಹೆಸರು ಕೇಳಿ, “ಏನಿದು, ಸರ್ಕಸ್ಸಾ?” ಅಂದ. ಎಲ್ಲರೂ ನಕ್ಕರು.

ಬಾ ಅಣ್ಣಾ. ಬಾ. ಅವಳು ದಪ್ಪಕ್ಕನ ಮನೆಯಲ್ಲಿದ್ದಾಳೆ, ಕರೆದುಕೊಂಡು ದೂರ ಹೋಗು. ಜ್ವರ ಬಂದಿತ್ತು ಅನ್ನು. ಕನಸು ಅನ್ನು. ತಳ್ಳಿದ್ದು ಅಮ್ಮ ಅನ್ನು. ಹೇಗೆ ಹೇಳಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಿನ್ನ ರಾಣಿ


೧ ಅಕ್ಟೋಬರ್ ೧೯೯೫

ರಾಣಿ,

ಇದನ್ನು ಓದಿ ನೀನು ನನ್ನನ್ನು ಶಪಿಸುತ್ತೀಯ. ಶಪಿಸು.

ಅವಳನ್ನು ಕರೆತಂದೆ. ಕಿವಿಯ ಹೊಲಿಗೆ ಬಿಚ್ಚಿಸಿದೆ. ನನ್ನ ಕೋಣೆ ಸಣ್ಣದು, ಅವಳಿಗೆ ಮಂಚ ಕೊಟ್ಟು ನಾನು ಬಾಗಿಲ ಬಳಿ ಮಲಗುತ್ತೇನೆ. ಬಾಗಿಲಿಗೆ ಚಿಲಕ ಹಾಕಲು ಅವಳು ಬಿಡುವುದಿಲ್ಲ, ತೆಗೆದೇ ಇಡಬೇಕು. ನೀನು ಹೇಳಿದ ಹಾಗೆಯೇ ಹೇಳಿದೆ. ನಿನಗೆ ಜ್ವರ ಬಂದಿತ್ತು ಪುಟ್ಟಾ, ಕನಸು ಬಿತ್ತು, ತಳ್ಳಿದ್ದು ಅಮ್ಮ. ನಾನು ಹೇಳುವಷ್ಟೂ ಹೊತ್ತು ತಟ್ಟೆಯ ಮುಂದೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ, “ಲೊಚ್ ಅನ್ನು ಮಾಮ” ಅಂದಳು.

ಬಾಯಿ ತೆರೆದೆ. ಆಗಲಿಲ್ಲ.

“ಅನ್ನಲ್ಲ ನೀನು. ಗೊತ್ತು” ಅಂದಳು. “ತಳ್ಳಿದ್ದು ನಾನು. ನಂಗೆಲ್ಲಾ ನೆನಪಿದೆ. ಅಮ್ಮ ಹಾಗೆ ಹೇಳು ಅಂದಿದ್ದಕ್ಕೆ ಸುಮ್ಮನಿದ್ದೆ. ಅಮ್ಮ ಯಾವಾಗ ಬರ್ತಾಳೆ?”

ನಿನಗೆ ಮರೆತಿತ್ತು ರಾಣಿ, ಅದಕ್ಕೆ ನನ್ನ ಸುಳ್ಳು ನಡೆಯಿತು. ನಡೆದು ಏನಾಯಿತು? ನೀನು ನನ್ನನ್ನು ಕೊಲೆಗಾರ ಅಂದುಕೊಂಡೆ, ನಾನು ನಿನ್ನನ್ನು ಕಾಪಾಡಿದೆ ಅಂದುಕೊಂಡೆ. ಆ ಎರಡರ ನಡುವೆ ಈ ಮಗು ದಿನಾ ಏಟು ತಿಂದಿತು. ಅವತ್ತು ಹದಿಮೂರರ ಹುಡುಗ, ತೋಚಿದ್ದು ಮಾಡಿದೆ. ಅದಕ್ಕೆ ಇವತ್ತೂ ಬೇಸರವಿಲ್ಲ. ಆದರೆ ನೆನಪಿರುವ ಮಗುವಿನ ಬಾಯಿ ಮುಚ್ಚುವ ಕೆಲಸ ನನ್ನಿಂದಾಗದು.

ವಕೀಲರೊಬ್ಬರನ್ನು ಹಿಡಿದೆ, ವಯಸ್ಸಾದ ಹೆಂಗಸು, ಬಾಯಿ ಜೋರು. ಎಲ್ಲ ಕೇಳಿ ನನಗೇ ಬೈದರು. “ಏನ್ರೀ, ನಿಮ್ಮ ಮನೇಲಿ ಒಬ್ಬರ ಬದಲು ಒಬ್ಬರು ಜೈಲಿಗೆ ಹೋಗೋದೇ ಪದ್ಧತಿನಾ? ಒಂಬತ್ತು ವರ್ಷದ ಕೂಸು, ತಾಯಿ ಕೈ ಮುರೀತಿದ್ದೋನನ್ನ ತಳ್ಳಿದೆ. ಅದನ್ನ ಯಾರೂ ಒಳಗೆ ಹಾಕಲ್ಲ. ಸುಳ್ಳು ಹೇಳಿದರೆ ತಾಯಿ ಮಾತ್ರ ಒಳಗೇ ಇರ್ತಾಳೆ.” ನಿನ್ನ ಕೈಯ ಎಕ್ಸ್‌ರೇ, ಹಳೆಯ ಮುರಿತ, ಹೊಸ ಮುರಿತ, ಮಗುವಿನ ಬೆನ್ನಿನ ಗುರುತು, ಎಲ್ಲ ಸೇರಿಸಿದ್ದಾರೆ. ದಪ್ಪಕ್ಕ ಸಾಕ್ಷಿಗೆ ಬಂದಿದ್ದಾಳೆ.

ನಿನ್ನೆ ಹೇಳಿಕೆಗೆ ಕರೆದುಕೊಂಡು ಹೋದೆ. ಹೋಗುವಾಗ ದಾರಿಯಲ್ಲಿ ನಾನೇ ಕೇಳಿದೆ: “ಹೆಸರು ಬೇರೆ ಹೇಳೋಣ್ವಾ? ನಿಮ್ಮಜ್ಜಿ ಇಟ್ಟಿದ್ದೊಂದಿದೆಯಲ್ಲ, ಜನ ನಗಲ್ಲ.” ನನ್ನ ಕೈ ಬಿಟ್ಟು ಮುಂದೆ ನಡೆದಳು.

ಕೋಣೆ ತುಂಬ ಜನ. ಮ್ಯಾಜಿಸ್ಟ್ರೇಟರು, ಬರೆದುಕೊಳ್ಳುವವನು, ಪೊಲೀಸರು. ಕುರ್ಚಿ ಎತ್ತರವಾಗಿತ್ತು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಅವಳು ಎಲ್ಲ ಹೇಳಿದಳು. ದಿನಾ ಮೆಟ್ಟಿಲ ತುದಿಯಲ್ಲಿ ನಿಲ್ಲಿಸುತ್ತಿದ್ದದ್ದು, ಹೆಸರು ಕೇಳುತ್ತಿದ್ದದ್ದು, ಯಾವ ಹೆಸರು ಹೇಳಿದರೆ ಬಿಡುತ್ತಿದ್ದ, ಯಾವುದಕ್ಕೆ ಹೊಡೆಯುತ್ತಿದ್ದ ಅನ್ನುವುದು, ಬಾಗಿಲು, ನಿನ್ನ ಕೈ. ಅಳಲಿಲ್ಲ. ಬರೆದುಕೊಳ್ಳುವವನು ಮಧ್ಯದಲ್ಲಿ ಪೆನ್ನು ಕೆಳಗಿಟ್ಟು ಮೂಗು ಒರೆಸಿಕೊಂಡ.

ಕೊನೆಗೆ ಮ್ಯಾಜಿಸ್ಟ್ರೇಟರು, “ಸಹಿ ಹಾಕೋಕೆ ಮುಂಚೆ ಪೂರ್ತಿ ಹೆಸರು ಒಂದು ಸಲ ಹೇಳಮ್ಮ” ಅಂದರು.

ಅವಳು ಹೆಸರು ಹೇಳಿ ಕಣ್ಣು ಮುಚ್ಚಿ, ಭುಜ ಬಿಗಿಮಾಡಿಕೊಂಡು ಕೂತಳು. ಏಟಿಗೆ ಕಾಯುತ್ತಿದ್ದಾಳೆ ಅಂತ ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

“ಝಂಝಾರಿ” ಅಂತ ಮ್ಯಾಜಿಸ್ಟ್ರೇಟರು ತಿರುಗಿ ಒಂದು ಸಲ ನಿಧಾನವಾಗಿ ಹೇಳಿ ಬರೆಸಿದರು. ಯಾರೂ ನಗಲಿಲ್ಲ.

ಲೊಚ್.

ನಿನ್ನ ಹಲ್ಲಿ